ರೇಷ್ಮೆಗೂಡಿನಿಂದ ಎಲುಬಿಗೆ ಆಸರೆ

ರೇಷ್ಮೆಯೆಂದೊಡನೆ ಮನಸ್ಸಿಗೆ ಬರುವುದು ಸೀರೆ, ಪಂಚೆಗಳೇ. ಆದರೆ ಶಸ್ತ್ರವೈದ್ಯರು ಗಾಯವನ್ನು ಹೊಲಿಯಲು ರೇಷ್ಮೆದಾರವನ್ನು ಬಹುಕಾಲದಿಂದ ಉಪಯೋಗಿಸುತ್ತ ಬಂದಿರುವರು. ಈಗ ಅದೇ ಪದಾರ್ಥದಿಂದ ಸ್ಪಂಜಿನಂತೆ ರಂಧ್ರಮಯವಾದ ಆಸರೆಗಳನ್ನು ಮಾಡಿ, ನಷ್ಟವಾದ ಎಲುಬೂ ಚರ್ಮವೂ ಪುನಃ ಬೆಳೆಯುವಂತೆ ಮಾಡುವ ಪ್ರಯೋಗಗಳು ನಡೆಯುತ್ತಿವೆ. ರಾಮನಗರ, ಶಿಡ್ಲಘಟ್ಟ, ಕೊಳ್ಳೇಗಾಲ ಮುಂತಾದ ಸೀಮೆಗಳಲ್ಲಿ ಹಿಪ್ಪುನೇರಳೆ ಬೆಳೆಯುವ ಜಮೀನುದಾರರೂ ಗ್ರಾಮದ ಮುಖಂಡರೂ ಇದನ್ನು ತಿಳಿದಿರುವುದು ಯುಕ್ತ.

ಗೂಡಿನ ನೂಲಿನಲ್ಲಿ ಎರಡು ಭಾಗಗಳುಂಟು. ಒಳಗಿನ ಗಟ್ಟಿ ಎಳೆಯು ಫೈಬ್ರೊಯಿನ್. ಅದು ನೂರಕ್ಕೆ ಸುಮಾರು 70ರಿಂದ 75 ಪಾಲು. ಉಳಿದುದರಲ್ಲಿ ಬಹುಪಾಲು ಸೆರಿಸಿನ್ ಎಂಬ ಅಂಟು. ಗೂಡನ್ನು ಕತ್ತರಿಸಿ, ಒಳಗಿನ ಹುಳುವನ್ನು ತೆಗೆದು, ವಾಷಿಂಗ್ ಸೋಡಾ ಬೆರೆಸಿದ ನೀರಿನಲ್ಲಿ ಸುಮಾರು 30 ನಿಮಿಷ ಕುದಿಸಿದರೆ ಅಂಟು ಹೋಗುವುದು. ಉಳಿದ ಎಳೆಯನ್ನು ಲಿಥಿಯಂ ಬ್ರೋಮೈಡ್ ಎಂಬ ಲವಣದ ಗಾಢ ದ್ರವದಲ್ಲಿ ಕರಗಿಸಿ, ತೆಳುಪೊರೆಯ ಚೀಲದಲ್ಲಿ ತುಂಬಿ, ಶುದ್ಧಜಲದಲ್ಲಿಟ್ಟು, ನೀರನ್ನು ಪದೇ ಪದೇ ಬದಲಾಯಿಸಿ ಆ ಲವಣವನ್ನು ತೆಗೆಯುವರು.

ಈ ದ್ರವಕ್ಕೆ ಸಮಗಾತ್ರದ ಉಪ್ಪಿನ ಹರಳುಗಳನ್ನು ಹಾಕಿದರೆ ರೇಷ್ಮೆಯು ಅವುಗಳ ಸುತ್ತ ಗಟ್ಟಿಯಾಗುವುದು. ಆಮೇಲೆ ನೀರಿನಲ್ಲಿ ಉಪ್ಪನ್ನು ಕರಗಿಸಿದರೆ ಹರಳಿದ್ದ ಸ್ಥಳವೆಲ್ಲ ರಂಧ್ರವಾಗುವುದು. ಹದವಾಗಿ ಉತ್ತ ಮಣ್ಣಿನಲ್ಲಿ ಬೇರೂ ನೀರೂ ಗಾಳಿಯೂ ಸಂಚರಿಸುವಂತೆ, ಒಂದಕ್ಕೊಂದು ಕೂಡಿದ ಈ ರಂಧ್ರಗಳ ಮೂಲಕವೇ ಜೀವಕೋಶಗಳೂ ರಕ್ತನಾಳಗಳೂ ಒಳಹೊಗಬೇಕು. ಬರಿಯ ರೇಷ್ಮೆಯ ಸ್ಪಂಜು ಮೃದುವಾದುದರಿಂದ, ಎಲುಬಿನ ಕೆಲಸಕ್ಕೆ ಎಲುಬಿನಲ್ಲಿಯೇ ಇರುವ ಖನಿಜದಂತಹ ಹೈಡ್ರಾಕ್ಸಿಅಪಟೈಟನ್ನು ಬೆರೆಸುವರು. ಸೀಗಡಿಯ ಚಿಪ್ಪಿನಿಂದ ತಯಾರಾಗುವ ಕೈಟೊಸಾನನ್ನು ಸೇರಿಸುವುದೂ ಉಂಟು. ಹೊಸ ಮಾಂಸ, ಎಲುಬು ಬೆಳೆದಂತೆ ಆಸರೆಯು ಕ್ರಮೇಣ ಕರಗಬೇಕು. ಬೇಗ ಕರಗಿದರೆ ಆಧಾರ ತಪ್ಪುವುದು. ತಡವಾದರೆ ಬೆಳವಣಿಗೆಗೆ ಅಡ್ಡಿ. ಈ ಹದವನ್ನು ಸಾಧಿಸುವುದೇ ಕಷ್ಟದ ಕೆಲಸ.

ಬೆಳೆಗಾರರು ಗಮನಿಸಬೇಕಾದುದು ಇದು: ಇಲ್ಲಿ ಎಳೆಯನ್ನು ಕರಗಿಸುವುದರಿಂದ ಅದು ಉದ್ದವಾಗಿ ಬಿಚ್ಚಿಕೊಳ್ಳಬೇಕಾದ ಅಗತ್ಯವಿಲ್ಲ. ಚಿಟ್ಟೆ ಹೊರಬಂದ ತೂತುಗೂಡೂ ಜೋಡಿಗೂಡೂ ಶುಚಿಯಾಗಿದ್ದರೆ ಉಪಯೋಗಕ್ಕೆ ಬರಬಲ್ಲವು. ಆದುದರಿಂದ:

1. ಹುಳು ಕೊಳೆತ ಗೂಡು, ಕಲೆಗೂಡುಗಳನ್ನು ಒಳ್ಳೆಯವುಗಳೊಂದಿಗೆ ಬೆರೆಸಕೂಡದು.
2. ತೂತುಗೂಡುಗಳನ್ನು ಚೆನ್ನಾಗಿ ಒಣಗಿಸಿ ಬೇರೆ ಚೀಲದಲ್ಲಿ ಇಡತಕ್ಕದ್ದು.
3. ತೋಟಕ್ಕೆ ಹೊಡೆದ ಔಷಧದ ಹೆಸರನ್ನೂ ದಿನವನ್ನೂ ಬರೆದಿಡತಕ್ಕದ್ದು.

ಒಂದು ಎಚ್ಚರಿಕೆ. ಈ ಕೆಲಸಕ್ಕೆ ಬೇಕಾಗುವ ಗೂಡು ನೂಲುಬಿಚ್ಚಾಣಿಕೆಗೆ ಹೋಗುವುದರ ಮುಂದೆ ಅತ್ಯಲ್ಪ. ಆಸ್ಪತ್ರೆಯ ರೇಷ್ಮೆಯೆಂದು ಹೆಚ್ಚಿನ ಬೆಲೆಯ ಆಸೆ ತೋರಿಸಿ ಮುಂಗಡ ಕೇಳುವವರು ಬಂದರೆ, ಲಿಖಿತ ಕರಾರಿಲ್ಲದೆ ಹಣ ಕೊಡದಂತೆ ಮುಖಂಡರು ರೈತರಿಗೆ ತಿಳಿಯಹೇಳಬೇಕು. ಶುಚಿಯಾಗಿ ವಿಂಗಡಿಸಿದ ಗೂಡಿಗೆ ಇಂದಿನ ಮಾರುಕಟ್ಟೆಯಲ್ಲಿಯೂ ಮರ್ಯಾದೆಯುಂಟು. ಆ ಶ್ರಮವು ಹೇಗೂ ವ್ಯರ್ಥವಾಗದು.