ಹಿಪ್‌ಹಾಪ್ ಹಾಡಿಗೊಬ್ಬ ವ್ಯಾಖ್ಯಾನಕಾರ

ಹಿಪ್‌ಹಾಪ್ ಪಾಡ್‌ಕಾಸ್ಟ್ ಹಾಡು ಕೇಳಿಸುವುದಕ್ಕಿಂತ ಹೆಚ್ಚಾಗಿ ಹಾಡಿನ ಬಗ್ಗೆ ಮಾತಾಡುವ ಕಾರ್ಯಕ್ರಮ. ಒಂದು ಆಲ್ಬಮ್ಮನ್ನೋ ಒಬ್ಬ ರ‍್ಯಾಪರನ್ನೋ ಎದುರಿಗಿಟ್ಟುಕೊಂಡು, ಬೀಟ್ ಕಟ್ಟಿದವರು ಯಾರು, ಯಾವ ಹಳೆಯ ರೆಕಾರ್ಡಿನ ತುಣುಕು ಅದರೊಳಗೆ ಅಡಗಿದೆ, ಸಾಲುಗಳು ಯಾವ ಬೀದಿಯ ಮಾತು ಎಂಬುದನ್ನು ನಿರೂಪಕರು ಬಿಡಿಸಿ ಹೇಳುತ್ತಾರೆ. ಕನ್ನಡಿಗರಿಗೆ ಈ ಕ್ರಮ ಹೊಸದಲ್ಲ. ಗಮಕಿ ಕುಮಾರವ್ಯಾಸನ ಷಟ್ಪದಿಯನ್ನು ವಾಚಿಸಿ ನಿಲ್ಲಿಸಿದಾಗ ವ್ಯಾಖ್ಯಾನಕಾರರು ಅದನ್ನು ಎತ್ತಿಕೊಂಡು ಹಿಂದುಮುಂದಿನ ಕಥೆ, ಪದದ ಬೆಡಗು, ಸಂದರ್ಭದ ಒಳದನಿಯನ್ನು ತೆರೆದಿಡುತ್ತಾರೆ. ರ‍್ಯಾಪ್ ಕೂಡ ಮಾತಿನ ಕಲೆ. ವೇಗವಾಗಿ ಹರಿಯುವ ಸಾಲುಗಳಲ್ಲಿ ಊರಿನ ಹೆಸರು, ಒಳಗಿನವರಿಗಷ್ಟೇ ತಿಳಿದ ಸೂಚನೆ, ಹಳೆಯ ಹಾಡಿನ ನೆನಪು ಒತ್ತೊತ್ತಾಗಿ ಕೂತಿರುವುದರಿಂದ ಇಲ್ಲಿಯೂ ವ್ಯಾಖ್ಯಾನಕ್ಕೆ ಸಹಜವಾಗಿಯೇ ಜಾಗವಿದೆ.

ಹಿಪ್‌ಹಾಪಿನ ಹುಟ್ಟಿಗೆ ಸಾಮಾನ್ಯವಾಗಿ ಕೊಡುವ ದಿನಾಂಕ 1973ರ ಆಗಸ್ಟ್ 11. ನ್ಯೂಯಾರ್ಕಿನ ಬ್ರಾಂಕ್ಸ್‌ನಲ್ಲಿ, ಸೆಡ್ಜ್‌ವಿಕ್ ಅವೆನ್ಯೂವಿನ 1520ನೇ ನಂಬರಿನ ಕಟ್ಟಡದಲ್ಲಿ ಸಿಂಡಿ ಕ್ಯಾಂಪ್‌ಬೆಲ್ ಏರ್ಪಡಿಸಿದ್ದ ಕೂಟಕ್ಕೆ ಅವಳ ಅಣ್ಣ ಡಿಜೆ ಕೂಲ್ ಹರ್ಕ್ ರೆಕಾರ್ಡು ನುಡಿಸಿದ. ಹಾಡಿನ ನಡುವೆ ಡ್ರಮ್ಮು ಮಾತ್ರ ಉಳಿಯುವ ಭಾಗವನ್ನು ಎರಡು ಟರ್ನ್‌ಟೇಬಲ್‌ಗಳ ಮೇಲೆ ಮತ್ತೆ ಮತ್ತೆ ತಂದು ಲಂಬಿಸುವ ಅವನ ಜಾಣ್ಮೆಯೇ ಮುಂದಿನ ಎಲ್ಲದಕ್ಕೂ ಬುನಾದಿಯಾಯಿತು. 1979ರ ‘ರ‍್ಯಾಪರ್ಸ್ ಡಿಲೈಟ್’ ಹಾಡು ಈ ಕಲೆಯನ್ನು ಬೀದಿಯಿಂದ ಅಂಗಡಿಗೆ ತಂದರೆ, 1982ರ ‘ದಿ ಮೆಸೇಜ್’ ಅದಕ್ಕೆ ಬಡವರ ಬದುಕನ್ನು ಹೇಳುವ ದನಿ ಕೊಟ್ಟಿತು. ಕ್ಲಾಸಿಕ್ ಎಂದು ಅಭಿಮಾನಿಗಳು ಕರೆಯುವುದು ಹೆಚ್ಚಾಗಿ ಎಂಬತ್ತರ ದಶಕದ ನಡುವಿನಿಂದ ತೊಂಬತ್ತರ ದಶಕದ ನಡುವಿನವರೆಗಿನ ಸಂಗೀತವನ್ನು. ಅಂಡರ್‌ಗ್ರೌಂಡ್ ಎಂದರೆ ದೊಡ್ಡ ಕಂಪನಿಯ ಹಣವಿಲ್ಲದೆ, ರೇಡಿಯೋದ ಹಗಲು ಹೊತ್ತಿನ ಪಟ್ಟಿಯಲ್ಲಿ ಸೇರದೆ, ಕೈಯಿಂದ ಕೈಗೆ ದಾಟುತ್ತಾ ಬೆಳೆದದ್ದು.

ಪಾಡ್‌ಕಾಸ್ಟಿಗೆ ಮೊದಲು ಹಾಡನ್ನು ಹುಡುಕಿ ಪರಿಚಯಿಸುವ ಕೆಲಸ ಮಾಡಿದ್ದು ತಡರಾತ್ರಿಯ ರೇಡಿಯೋ. ಅದರಲ್ಲಿ ಎಲ್ಲರೂ ನೆನೆಯುವ ಹೆಸರು ಸ್ಟ್ರೆಚ್ ಆರ್ಮ್‌ಸ್ಟ್ರಾಂಗ್ ಮತ್ತು ಬಾಬ್ಬಿಟೊ. ಕೊಲಂಬಿಯಾ ವಿಶ್ವವಿದ್ಯಾಲಯದ ಡಬ್ಲ್ಯುಕೆಸಿಆರ್ ಕೇಂದ್ರದಿಂದ 1990ರಿಂದ 1998ರವರೆಗೆ, ಊರು ಮಲಗಿದ ಮೇಲೆ ಇವರ ಕಾರ್ಯಕ್ರಮ ಬರುತ್ತಿತ್ತು. ನಾಸ್, ನಟೋರಿಯಸ್ ಬಿಐಜಿ, ವು-ಟ್ಯಾಂಗ್ ಕ್ಲ್ಯಾನ್ ಮುಂತಾದವರ ದನಿ ದೊಡ್ಡ ಹೆಸರಾಗುವ ಮೊದಲೇ ಅಲ್ಲಿ ಕೇಳಿಬಂತು. ಕೇಳುಗರು ಅದನ್ನು ಕ್ಯಾಸೆಟ್ಟಿಗೆ ಹಿಡಿದಿಟ್ಟು ಗೆಳೆಯರಿಗೆ ಹಂಚುತ್ತಿದ್ದರು. ಇಂದು ಆ ರಾತ್ರಿಗಳ ದಾಖಲೆ ಉಳಿದಿರುವುದರಲ್ಲಿ ಆ ಕ್ಯಾಸೆಟ್ಟುಗಳ ಪಾಲು ದೊಡ್ಡದು. 2015ರಲ್ಲಿ ಇವರ ಬಗ್ಗೆ ಸಾಕ್ಷ್ಯಚಿತ್ರವೂ ಬಂತು. ನಿರೂಪಕನ ಮೊದಲ ಗುಣ ಕಿವಿ ಎಂಬುದಕ್ಕೆ ಇದಕ್ಕಿಂತ ಒಳ್ಳೆಯ ನಿದರ್ಶನ ಸಿಗುವುದು ಕಷ್ಟ. ಯಾರೂ ಗುರುತಿಸದ ಹುಡುಗನ ಡೆಮೊ ಟೇಪನ್ನು ಪೂರ್ತಿ ಕೇಳುವ ತಾಳ್ಮೆ ಅವರಿಬ್ಬರಿಗೂ ಇತ್ತು.

ಪಾಡ್‌ಕಾಸ್ಟಿನಲ್ಲಿ ದಾರಿ ತೋರಿದವರು ಕಾಂಬ್ಯಾಟ್ ಜ್ಯಾಕ್ ಎಂಬ ಹೆಸರಿನ ರೆಜಿ ಓಸೆ. ಸಂಗೀತೋದ್ಯಮದಲ್ಲಿ ವಕೀಲರಾಗಿದ್ದ ಇವರು 2010ರಲ್ಲಿ ಆರಂಭಿಸಿದ ಕಾರ್ಯಕ್ರಮದಲ್ಲಿ ಕಲಾವಿದರು, ಮ್ಯಾನೇಜರುಗಳು, ನಿರ್ಮಾಪಕರು ಗಂಟೆಗಟ್ಟಲೆ ಬಿಚ್ಚುಮನಸ್ಸಿನಿಂದ ಮಾತಾಡಿದರು. 2017ರ ಡಿಸೆಂಬರಿನಲ್ಲಿ ಓಸೆ ತೀರಿಕೊಂಡಾಗ ಅವರ ಸಂದರ್ಶನಗಳು ಒಂದು ಪೀಳಿಗೆಯ ಬಾಯ್ಮಾತಿನ ಚರಿತ್ರೆಯಾಗಿ ಉಳಿದಿದ್ದವು. 2016ರಲ್ಲಿ ಕೋಲ್ ಕುಶ್ನಾ ಆರಂಭಿಸಿದ ‘ಡಿಸೆಕ್ಟ್’ ಬೇರೆ ಹಾದಿ ಹಿಡಿಯಿತು. ಅಲ್ಲಿ ಅತಿಥಿಗಳ ಗದ್ದಲವಿಲ್ಲ. ಒಂದು ಸೀಸನ್ನಿಗೆ ಒಂದೇ ಆಲ್ಬಮ್, ಕಂತಿಗೊಂದು ಹಾಡಿನಂತೆ ಬಿಡಿಸುವುದು ಅದರ ಪದ್ಧತಿ. ಮೊದಲ ಸೀಸನ್ ಕೆಂಡ್ರಿಕ್ ಲಮಾರನ ‘ಟು ಪಿಂಪ್ ಎ ಬಟರ್‌ಫ್ಲೈ’ ಕುರಿತದ್ದು. ಹರಟೆ ಮತ್ತು ಅಧ್ಯಯನ ಎಂಬ ಈ ಎರಡು ಮಾದರಿಗಳ ನಡುವೆಯೇ ಇಂದಿನ ಬಹುಪಾಲು ಹಿಪ್‌ಹಾಪ್ ಪಾಡ್‌ಕಾಸ್ಟುಗಳು ನಿಂತಿವೆ.

ಕನ್ನಡದಲ್ಲಿ ಪಾಡ್‌ಕಾಸ್ಟ್ ಎಂಬ ಪ್ರಕಾರಕ್ಕೆ ಕೇಳುಗರನ್ನು ತಂದುಕೊಟ್ಟವುಗಳಲ್ಲಿ 2018ರಲ್ಲಿ ಆರಂಭವಾದ ‘ತಲೆ-ಹರಟೆ’ ಮುಖ್ಯ. ವಿಜ್ಞಾನ, ಆಡಳಿತ, ಸಿನಿಮಾ ಎಲ್ಲವನ್ನೂ ದಿನನಿತ್ಯದ ಬೆಂಗಳೂರು ಕನ್ನಡದಲ್ಲಿ ದೀರ್ಘವಾಗಿ ಮಾತಾಡಬಹುದೆಂದು ಅದು ತೋರಿಸಿತು. ಹಿಪ್‌ಹಾಪಿನ ನಿರೂಪಕರಿಗೆ ಇದೇ ನಗರ ಬೇಕಾದಷ್ಟು ಸರಕನ್ನೂ ಕೊಡುತ್ತದೆ. ಬ್ರೋಧ ವಿ, ಸ್ಮೋಕಿ ದಿ ಘೋಸ್ಟ್, ಬಿಗ್ ನಿಕ್ ಸೇರಿ ಕಟ್ಟಿದ ‘ಮಚಾಸ್ ವಿತ್ ಆಟಿಟ್ಯೂಡ್’ ತಂಡ ಇಂಗ್ಲಿಷಿನಲ್ಲಿ ಹಾಡಿದರೂ ಹೆಸರಿನಲ್ಲೇ ಬೆಂಗಳೂರನ್ನು ಹೊತ್ತಿತ್ತು. 2012ರಲ್ಲಿ ಬಂದ ಬ್ರೋಧ ವಿಯ ‘ಆತ್ಮ ರಾಮ’ ದೇಶದೆಲ್ಲೆಡೆ ಕೇಳಿಸಿತು. ಕನ್ನಡದ ಬದಿಯಲ್ಲಿ ಆಲ್ ಓಕೆ ಎಂಬ ಅಲೋಕ್ ಬಾಬು, ರಾಕೇಶ್ ಅಡಿಗ ಮುಂತಾದವರಿದ್ದ ‘ಅರ್ಬನ್ ಲ್ಯಾಡ್ಸ್’ ಮೊದಲ ಹೆಜ್ಜೆಗಳನ್ನಿಟ್ಟಿತು. ಚಂದನ್ ಶೆಟ್ಟಿ 2018ರ ಜನವರಿಯಲ್ಲಿ ಬಿಗ್ ಬಾಸ್ ಗೆದ್ದಾಗ ಕನ್ನಡ ರ‍್ಯಾಪ್ ಎಂಬ ಮಾತು ಮನೆಮನೆಯ ಟೀವಿಯಲ್ಲಿ ಕೇಳಿಬಂತು. ಆ ಬೆಳಕಿನಿಂದ ದೂರದಲ್ಲಿ ಎಂಸಿ ಬಿಜ್ಜು, ರಾಹುಲ್ ಡಿಟ್ಟೋ, ಗುಬ್ಬಿಯಂಥವರು ತಮ್ಮದೇ ದಾರಿಯಲ್ಲಿ ನಡೆದರು. ನೀಲಸಂದ್ರದ ಪಾಷಾ ಭಾಯ್ ದಖನಿಯಲ್ಲಿ ರ‍್ಯಾಪ್ ಮಾಡಿ ಬೆಂಗಳೂರಿನ ಇನ್ನೊಂದು ಮನೆಮಾತನ್ನು ಮೈಕಿನ ಮುಂದೆ ತಂದರು.

ಈ ಚರಿತ್ರೆಯ ದೊಡ್ಡ ಪಾಲು ಪುಸ್ತಕದಲ್ಲಿಲ್ಲ. ಇಲ್ಲಿನ ಮೊದಲ ಪೀಳಿಗೆಯ ಕೆಲವು ರ‍್ಯಾಪರುಗಳು ಪರಸ್ಪರ ಪರಿಚಯವಾದದ್ದು, ಸಾಲಿಗೆ ಸಾಲು ಕೊಟ್ಟು ಕಾದಾಡಿದ್ದು ಆರ್ಕುಟ್‌ನಲ್ಲಿ. 2014ರ ಸೆಪ್ಟೆಂಬರ್ 30ರಂದು ಆರ್ಕುಟ್ ಮುಚ್ಚಿತು; ಆ ಕಾಳಗಗಳು ಈಗ ಬಹುಮಟ್ಟಿಗೆ ಆಡಿದವರ ನೆನಪಿನಲ್ಲಿವೆ. ಹಾಗಾಗಿ ಕನ್ನಡದಲ್ಲಿ ಹಿಪ್‌ಹಾಪ್ ಪಾಡ್‌ಕಾಸ್ಟ್ ನಡೆಸುವವರ ಹೊಣೆ ಅಮೆರಿಕದವರದ್ದಕ್ಕಿಂತ ದೊಡ್ಡದು. ಅಲ್ಲಿ ಹಾರ್ವರ್ಡ್, ಕಾರ್ನೆಲ್ ವಿಶ್ವವಿದ್ಯಾಲಯಗಳೇ ಹಿಪ್‌ಹಾಪ್ ಸಂಗ್ರಹಗಳನ್ನು ಇಟ್ಟುಕೊಂಡಿವೆ. ಇಲ್ಲಿ ನಿರೂಪಕರು ಇಂದು ಕೇಳಿ ಹಿಡಿದಿಟ್ಟದ್ದೇ ಎಷ್ಟೋ ಸಲ ಮೊದಲ ದಾಖಲೆಯಾಗುತ್ತದೆ. ತಪ್ಪು ಹೆಸರು, ತಪ್ಪು ವರ್ಷ ಒಮ್ಮೆ ಬಾಯಿಂದ ಬಿದ್ದರೆ ಅದೇ ಮುಂದೆ ಆಧಾರವಾಗಿ ಓಡಾಡುತ್ತದೆ.

ತಯಾರಿ ಶುರುವಾಗುವುದು ಆಲ್ಬಮ್ಮಿನ ಹೊದಿಕೆಯ ಸಣ್ಣ ಅಕ್ಷರಗಳಿಂದ. ನಾಸ್‌ನ 1994ರ ‘ಇಲ್ಮ್ಯಾಟಿಕ್’ ಹತ್ತೇ ಟ್ರ್ಯಾಕುಗಳ, ನಲವತ್ತು ನಿಮಿಷವನ್ನೂ ಮುಟ್ಟದ ಆಲ್ಬಮ್. ಆದರೆ ಅದರ ಬೀಟುಗಳ ಹಿಂದೆ ಡಿಜೆ ಪ್ರೀಮಿಯರ್, ಪೀಟ್ ರಾಕ್, ಕ್ಯೂ-ಟಿಪ್, ಲಾರ್ಜ್ ಪ್ರೊಫೆಸರ್, ಎಲ್‌ಇಎಸ್ ಇದ್ದಾರೆ. ಒಂದು ಹಾಡಿನ ಕೊನೆಯಲ್ಲಿ ಕಾರ್ನೆಟ್ ಊದಿದವರು ನಾಸ್‌ನ ತಂದೆ ಒಲು ಡಾರಾ. ಜ್ಯಾಜ್ ಕಲಾವಿದನಾದ ತಂದೆಯ ಉಸಿರು ಇಪ್ಪತ್ತರ ಮಗನ ಮೊದಲ ಆಲ್ಬಮ್ಮಿನಲ್ಲಿ ಸೇರಿದೆ ಎಂದು ತಿಳಿದ ಕೇಳುಗ ಆ ಹಾಡನ್ನು ಮತ್ತೆ ಬೇರೆಯದಾಗಿಯೇ ಕೇಳುತ್ತಾನೆ. ಕನ್ನಡದ ರ‍್ಯಾಪರ್ ಅತಿಥಿಯಾಗಿ ಬಂದಾಗಲೂ ಇದೇ ಬಗೆಯ ಪ್ರಶ್ನೆಗಳು ಬೇಕು: ಬೀಟ್ ಯಾರದ್ದು, ಯಾರ ಮನೆಯ ಕೋಣೆಯಲ್ಲಿ ರೆಕಾರ್ಡ್ ಆಯಿತು, ಮೊದಲು ಯಾರಿಗೆ ಕೇಳಿಸಿದಿರಿ? ‘ನಿಮಗೆ ಸ್ಫೂರ್ತಿ ಯಾರು’ ಎಂಬ ಪ್ರಶ್ನೆಗೆ ಎಲ್ಲರದ್ದೂ ಒಂದೇ ಉತ್ತರ. ಅದಕ್ಕೆ ಸಮಯ ಕೊಡಬೇಕಿಲ್ಲ.

ಸ್ಯಾಂಪಲ್ ಎಂಬ ಹಳೆಯ ರೆಕಾರ್ಡಿನ ತುಣುಕನ್ನು ಗುರುತಿಸುವುದು ಈ ಕಸುಬಿನ ಅತ್ಯಂತ ಸುಖದ ಭಾಗ. ‘ದಿ ವಿನ್‌ಸ್ಟನ್ಸ್’ ತಂಡದ 1969ರ ‘ಅಮೆನ್, ಬ್ರದರ್’ ಹಾಡಿನಲ್ಲಿ ಜಿ.ಸಿ. ಕೋಲ್ಮನ್ ನುಡಿಸಿದ ಕೆಲವೇ ಸೆಕೆಂಡುಗಳ ಡ್ರಮ್ಮು ಸಾವಿರಾರು ಹಾಡುಗಳಿಗೆ ಹೋಗಿದೆ. ಕೋಲ್ಮನ್‌ಗೆ ಮಾತ್ರ ಅದರಿಂದ ಕಾಸೂ ದಕ್ಕಲಿಲ್ಲ. ಭಾರತದ ಕೇಳುಗರಿಗೆ ಹತ್ತಿರದ ಕಥೆಯೂ ಇದೆ. 2002ರಲ್ಲಿ ಬಂದ ಗಾಯಕಿ ಟ್ರೂತ್ ಹರ್ಟ್ಸ್‌ಳ ‘ಅಡಿಕ್ಟಿವ್’ ಹಾಡು ಲತಾ ಮಂಗೇಶ್ಕರ್ ದನಿಯ, ಬಪ್ಪಿ ಲಾಹಿರಿ ಸಂಯೋಜನೆಯ ಹಿಂದಿ ಹಾಡನ್ನು ಅನುಮತಿಯಿಲ್ಲದೆ ಬಳಸಿ ಅಮೆರಿಕದ ನ್ಯಾಯಾಲಯ ಹತ್ತಿತು. ಮ್ಯಾಡ್‌ಲಿಬ್ 2007ರಲ್ಲಿ ಭಾರತೀಯ ಸಿನಿಮಾ ಸಂಗೀತದಿಂದಲೇ ಒಂದು ಬೀಟ್ ಆಲ್ಬಮ್ ಕಟ್ಟಿದ. ಡಿ ಲಾ ಸೋಲ್ ತಂಡದ 1989ರ ಮೊದಲ ಆಲ್ಬಮ್ ಸ್ಯಾಂಪಲ್ಲುಗಳ ತಕರಾರಿನಿಂದಾಗಿ ಸ್ಟ್ರೀಮಿಂಗಿಗೆ ಬರಲು 2023ರವರೆಗೆ ಕಾಯಬೇಕಾಯಿತು.

ಹಾಡನ್ನು ಪಾಡ್‌ಕಾಸ್ಟಿನಲ್ಲಿ ನುಡಿಸುವ ವಿಷಯದಲ್ಲೂ ಇದೇ ತೊಡಕು. ಮೂವತ್ತು ಸೆಕೆಂಡಿನವರೆಗೆ ನುಡಿಸಿದರೆ ತೊಂದರೆಯಿಲ್ಲ ಎಂಬ ನಂಬಿಕೆ ವ್ಯಾಪಕವಾಗಿದೆ, ಆದರೆ 1957ರ ಭಾರತೀಯ ಕೃತಿಸ್ವಾಮ್ಯ ಕಾಯ್ದೆಯಲ್ಲಿ ಅಂಥ ಲೆಕ್ಕವಿಲ್ಲ. ವಿಮರ್ಶೆ, ಅವಲೋಕನಕ್ಕಾಗಿ ನ್ಯಾಯಯುತ ಬಳಕೆಗೆ 52ನೇ ಸೆಕ್ಷನ್ ಅವಕಾಶ ಕೊಡುತ್ತದೆ. ಎಷ್ಟು ನುಡಿಸಿದರು, ಅದರ ಮೇಲೆ ನಿಜವಾಗಿ ಮಾತಾಡಿದರೇ ಎಂಬುದು ಪ್ರಶ್ನೆಯಾಗುತ್ತದೆ. ಧ್ವನಿಮುದ್ರಣದ ಹಕ್ಕು ಪ್ರಕಟವಾದ ಮರುವರ್ಷದಿಂದ 60 ವರ್ಷ ಇರುವುದರಿಂದ ‘ರ‍್ಯಾಪರ್ಸ್ ಡಿಲೈಟ್’ ಕೂಡ ಇಲ್ಲಿ 2039ರ ಕೊನೆಯವರೆಗೆ ಹಕ್ಕುಮುಕ್ತವಾಗದು. ಅಂಡರ್‌ಗ್ರೌಂಡ್ ಕಲಾವಿದರ ವಿಷಯದಲ್ಲಿ ದಾರಿ ಸುಲಭ. ಹಾಡಿನ ಹಕ್ಕು ಅವರ ಕೈಯಲ್ಲೇ ಇದ್ದರೆ ಒಂದು ಬರಹದ ಒಪ್ಪಿಗೆ ಸಾಕು. ಬೀಟ್ ಬೇರೆಯವರದ್ದಾದರೆ ಅವರ ಒಪ್ಪಿಗೆಯನ್ನೂ ಪಡೆಯಬೇಕು.

ಇನ್ನು ಕೋಣೆ. ಮನೆಯಿಂದಲೇ ಊರಿಗೆ ಮಾತು ಕಳಿಸುವುದು ಈ ನಾಡಿಗೆ ಹಳೆಯ ಹವ್ಯಾಸ: 1935ರಲ್ಲಿ ಮೈಸೂರಿನಲ್ಲಿ ಪ್ರೊಫೆಸರ್ ಎಂ.ವಿ. ಗೋಪಾಲಸ್ವಾಮಿ ತಮ್ಮ ಮನೆಯಲ್ಲೇ 30 ವ್ಯಾಟಿನ ಪ್ರಸಾರ ಯಂತ್ರವಿಟ್ಟು ಬಾನುಲಿ ನಡೆಸಿದ್ದರು. ಈಗ ಬೇಕಾಗುವುದು ಒಂದು ಮೈಕು, ಒಂದು ಲ್ಯಾಪ್‌ಟಾಪು. ಆದರೆ ಬೆಂಗಳೂರಿನ ಜರಗನಹಳ್ಳಿಯಂಥ ಜಾಗದಲ್ಲಿ ಸದ್ದು ತಪ್ಪಿಸುವುದೇ ಅರ್ಧ ಕೆಲಸ. ಕನಕಪುರ ರಸ್ತೆಯ ಬಸ್ಸು, ಆಟೊ, ಹಾರ್ನ್ ಒಂದು ಕಡೆ; ರಸ್ತೆಯ ಮೇಲೆ ಎತ್ತರಿಸಿದ ಹಳಿಯಲ್ಲಿ ಹಸಿರು ಮಾರ್ಗದ ಮೆಟ್ರೊ ಇನ್ನೊಂದು ಕಡೆ. ಮೆಟ್ರೊ ನಿಂತ ಮೇಲೆ ರೆಕಾರ್ಡ್ ಮಾಡೋಣವೆಂದರೆ ಹಗಲು ನಗರದೊಳಗೆ ಬರಲಾಗದ ಲಾರಿಗಳ ಹೊತ್ತು ಅದು. ಪಕ್ಕದ ಮನೆಯ ಕುಕ್ಕರ್ ವಿಷಲ್ಲು, ಬೀದಿನಾಯಿ, ಗಣೇಶನ ಪೆಂಡಾಲಿನ ಸ್ಪೀಕರ್ ಬೇರೆ. ಇಂಥ ಕಡೆ ಕಂಡೆನ್ಸರ್ ಮೈಕು ಎಲ್ಲ ಸದ್ದನ್ನೂ ಬಾಚಿಕೊಳ್ಳುತ್ತದೆ. ಬಾಯಿಗೆ ಹತ್ತಿರವಿಟ್ಟು ಮಾತಾಡುವ ಡೈನಾಮಿಕ್ ಮೈಕು ವಾಸಿ. ಎಸ್‌.ಪಿ. ರೋಡಿನ ಅಂಗಡಿಗಳಲ್ಲಿ ಎರಡೂ ಸಿಗುತ್ತವೆ. ಆರ್‌ಸಿಸಿ ಸೂರು, ಗ್ರಾನೈಟ್ ನೆಲದ ಕೋಣೆ ಮಾತನ್ನು ತಿರುಗಿ ಎಸೆಯುವುದರಿಂದ ಬಟ್ಟೆ ತುಂಬಿದ ಬೀರುವಿನ ಬಾಗಿಲು ತೆರೆದು, ಹಾಸಿಗೆಯನ್ನು ಗೋಡೆಗೆ ಒರಗಿಸಿ, ದಪ್ಪ ಪರದೆ ಎಳೆದರೆ ಮಾರ್ದನಿ ಗಮನಾರ್ಹವಾಗಿ ತಗ್ಗುತ್ತದೆ.

ಭಾಷೆಯ ವಿಷಯದಲ್ಲಿ ನಿರೂಪಕರು ತಮ್ಮ ಕೇಳುಗರನ್ನು ಮೊದಲೇ ನಿಶ್ಚಯಿಸಿಕೊಳ್ಳಬೇಕು. ಬನಶಂಕರಿಯ ಕಾಲೇಜು ಹುಡುಗಿಗೆ ಬಾರ್, ಫ್ಲೋ, ಸೈಫರ್ ಎಂಬ ಹಿಪ್‌ಹಾಪ್ ಪದಗಳು ಗೊತ್ತು. ಅದೇ ಕಂತನ್ನು ಕೇಳುವ ಹಾಸನದ ಮೇಷ್ಟರಿಗೆ ಒಂದು ವಾಕ್ಯದ ವಿವರಣೆ ಬೇಕು. ಹಿಪ್‌ಹಾಪಿನಲ್ಲಿ ಬೈಗುಳವಿದೆ, ಹೆಣ್ಣನ್ನು ಹೀಗಳೆಯುವ ಸಾಲುಗಳಿವೆ. ಅವನ್ನು ಮರೆಮಾಚಿದರೆ ಚರಿತ್ರೆ ಸುಳ್ಳಾಗುತ್ತದೆ. ಮೆಚ್ಚುಗೆಯಲ್ಲಿ ಮುಳುಗಿಸಿದರೆ ವಿಮರ್ಶೆ ಸಾಯುತ್ತದೆ. ಕಂತಿಗೆ ಎಚ್ಚರಿಕೆಯ ಗುರುತು ಹಾಕಿ, ಆ ಸಾಲುಗಳ ಬಗ್ಗೆ ನೇರವಾಗಿ ಮಾತಾಡುವುದೇ ಸರಿಯಾದ ಕ್ರಮ.

ಸಂಕಲನ ಮುಗಿದ ಕಂತು ಎಂಪಿ3 ಆಗಿ ಹೋಸ್ಟಿಂಗ್ ಸೇವೆಗೆ ಏರುತ್ತದೆ. ಅಲ್ಲಿಂದ ಆರ್‌ಎಸ್‌ಎಸ್ ಫೀಡ್ ಮೂಲಕ ಎಲ್ಲ ಆ್ಯಪ್‌ಗಳಿಗೆ ಹಂಚಿಕೆಯಾಗುತ್ತದೆ. 128 ಕೆಬಿಪಿಎಸ್‌ನಲ್ಲಿ ಒಂದು ಗಂಟೆಯ ಕಂತು 58 ಎಂಬಿಯಷ್ಟಾಗುತ್ತದೆ. ಇದಕ್ಕಿಂತ ಮುಖ್ಯವಾದದ್ದು ಕತ್ತರಿ ಹಾಕದ ಮೂಲ ಸಂದರ್ಶನ: ಗಂಟೆಗೆ ಸುಮಾರು 600 ಎಂಬಿಯ ಆ ವೇವ್ ಫೈಲನ್ನು ಎರಡು ಬೇರೆ ಬೇರೆ ಡಿಸ್ಕುಗಳಲ್ಲಿಡಬೇಕು. ಅತಿಥಿಯ ಹೆಸರು, ದಿನಾಂಕ, ಸ್ಥಳ, ಪ್ರಸ್ತಾಪವಾದ ಹಾಡುಗಳು, ಬೀಟ್ ಕಟ್ಟಿದವರ ಹೆಸರು, ಅತಿಥಿಯ ಸಹಿಯಿರುವ ಒಪ್ಪಿಗೆ ಪತ್ರ ಇಷ್ಟನ್ನೂ ಅದರ ಜೊತೆಗೇ ಕನ್ನಡದಲ್ಲಿ ಬರೆದಿಟ್ಟರೆ, ಮುಂದೆ ಈ ಸಂಗೀತದ ಚರಿತ್ರೆ ಬರೆಯುವವರು ಅದನ್ನು ನೇರವಾಗಿ ಬಳಸಿಕೊಳ್ಳಬಹುದು.