ಭದ್ರತಾ ಪರೀಕ್ಷೆಯಲ್ಲಿ ಪರದೆಚಿತ್ರ: ಯಾವುದು ಸಾಕ್ಷ್ಯ, ಯಾವುದು ಬರಿಯ ಚಿತ್ರ

ತೆರಿಗೆ ಪಾವತಿ, ನೀರಿನ ಶುಲ್ಕ, ಅರ್ಜಿ ಸ್ವೀಕಾರ ಮುಂತಾದ ಸೇವೆಗಳಿಗಾಗಿ ಗ್ರಾಮ ಪಂಚಾಯಿತಿಯೊಂದು ಹೊರಗಿನವರಿಂದ ಜಾಲತಾಣ ಮಾಡಿಸಿಕೊಂಡಾಗ, ಅದರ ಭದ್ರತಾ ಪರೀಕ್ಷೆಯ ವರದಿಯೂ ಸಭೆಯ ಮುಂದೆ ಬರುತ್ತದೆ. ವರದಿಯ ಬಹುಭಾಗ ತಾಂತ್ರಿಕ ಭಾಷೆಯಲ್ಲಿರುವುದರಿಂದ ಸದಸ್ಯರ ಕಣ್ಣು ನಿಲ್ಲುವುದು ಅದರೊಳಗಿನ ಪರದೆಚಿತ್ರಗಳ, ಅಂದರೆ ಸ್ಕ್ರೀನ್‌ಶಾಟ್‌ಗಳ ಮೇಲೆ. ದೋಷವಿತ್ತು ಎಂಬುದಕ್ಕೂ, ಅದನ್ನು ಸರಿಪಡಿಸಲಾಗಿದೆ ಎಂದು ಹೇಳಿ ಬಿಲ್ಲು ಮಂಜೂರಾತಿ ಕೇಳುವುದಕ್ಕೂ ಆ ಚಿತ್ರಗಳೇ ಆಧಾರ. ಆದುದರಿಂದ ಅವುಗಳನ್ನು ಓದುವ ಕ್ರಮ ತಿಳಿದಿರುವುದು ಅಗತ್ಯ.

ಕಾಮಗಾರಿಗೆ ಮುನ್ನ, ನಡೆಯುವಾಗ ಹಾಗೂ ಮುಗಿದ ಮೇಲೆ ಸ್ಥಳದ ಗುರುತಿನೊಡನೆ ತೆಗೆಯುವ ಛಾಯಾಚಿತ್ರ ಸದಸ್ಯರಿಗೆ ಹೊಸದಲ್ಲ. ಸ್ಥಳ, ದಿನಾಂಕ, ವೇಳೆ ಇಲ್ಲದ ಚರಂಡಿಯ ಚಿತ್ರ ಯಾವ ಊರಿನ ಚರಂಡಿಯದ್ದಾದರೂ ಆಗಬಹುದು. ಪರದೆಚಿತ್ರದ ಸಂಗತಿಯೂ ಇಷ್ಟೇ. ಪುಟದ ಪೂರ್ಣ ವಿಳಾಸ, ತೆಗೆದ ದಿನಾಂಕ ಮತ್ತು ವೇಳೆ, ಯಾವ ಬಳಕೆದಾರರ ಹೆಸರಿನಲ್ಲಿ ಲಾಗಿನ್ ಆಗಿತ್ತು ಎಂಬ ವಿವರ, ಇವು ಮೂರೂ ಕಾಣದಿದ್ದರೆ ಅದು ಯಾವ ಪುಟದ ಚಿತ್ರವೆಂದು ಹೇಳುವಂತಿಲ್ಲ. ಮೊಬೈಲಿನ ಬ್ರೌಸರ್ ಸಾಮಾನ್ಯವಾಗಿ ತಾಣದ ಹೆಸರನ್ನಷ್ಟೇ ತೋರಿಸಿ ಉಳಿದ ವಿಳಾಸವನ್ನು ಮರೆಮಾಡುತ್ತದೆ. ನೂರಾರು ಪುಟಗಳ ಚಿತ್ರವನ್ನು ತಾವಾಗಿಯೇ ತೆಗೆಯುವ ಗೋವಿಟ್ನೆಸ್, ಐವಿಟ್ನೆಸ್‌ನಂತಹ ತಂತ್ರಾಂಶಗಳು ಪುಟದ ಒಡಲನ್ನು ಮಾತ್ರ ಹಿಡಿಯುತ್ತವೆ. ವಿಳಾಸಪಟ್ಟಿಯಾಗಲಿ ಗಡಿಯಾರವಾಗಲಿ ಚಿತ್ರದಲ್ಲಿ ಬರುವುದಿಲ್ಲ. ಅಂತಹ ಚಿತ್ರಗಳೊಡನೆ ವಿಳಾಸ ಮತ್ತು ವೇಳೆಯ ಪಟ್ಟಿ ಇರಲೇಬೇಕು.

ಒಂದು ಸಾಮಾನ್ಯ ದೋಷವನ್ನು ಉದಾಹರಣೆಯಾಗಿ ನೋಡಬಹುದು. ಆಸ್ತಿ ತೆರಿಗೆಯ ರಸೀದಿ ತೆರೆದಾಗ ವಿಳಾಸದ ಕೊನೆಯಲ್ಲಿ ಒಂದು ಸಂಖ್ಯೆ ಇರುತ್ತದೆ. ಆ ಸಂಖ್ಯೆಯನ್ನು ಬದಲಿಸಿದೊಡನೆ ಬೇರೊಬ್ಬರ ರಸೀದಿ, ಮೊಬೈಲ್ ಸಂಖ್ಯೆ ಸಹಿತ, ತೆರೆದುಕೊಂಡರೆ ಇಡೀ ಗ್ರಾಮದ ಮಾಹಿತಿ ಬಯಲಾದಂತೆ. ಇದನ್ನು ತೋರಿಸಲು ಪರೀಕ್ಷಕರು ಪರೀಕ್ಷೆಗೆಂದೇ ಎರಡು ಖಾತೆಗಳನ್ನು ತೆರೆದು, ಒಂದರಿಂದ ಇನ್ನೊಂದರ ರಸೀದಿ ಕಾಣುವುದನ್ನು ಚಿತ್ರಿಸಿದರೆ ಸಾಕು. ನೈಜ ಗ್ರಾಮಸ್ಥರ ದಾಖಲೆಗಳನ್ನು ಒಂದೊಂದಾಗಿ ತೆರೆದು ವರದಿ ತುಂಬಿಸುವ ಅವಶ್ಯಕತೆಯಿಲ್ಲ. ಅನಿವಾರ್ಯವಾಗಿ ನೈಜ ದಾಖಲೆ ಬಂದರೆ ಹೆಸರು, ದೂರವಾಣಿ ಸಂಖ್ಯೆ, ಆಧಾರ್‌ನ ಮೊದಲ ಎಂಟು ಅಂಕಿಗಳನ್ನು ದಟ್ಟ ಕಪ್ಪು ಪಟ್ಟಿಯಿಂದ ಮುಚ್ಚತಕ್ಕದ್ದು. ಮಬ್ಬುಗೊಳಿಸಿದ ಅಕ್ಷರಗಳನ್ನು ಕೆಲವೊಮ್ಮೆ ಮರಳಿ ಓದಬಹುದು. ದೋಷವನ್ನು ತೋರಿಸುವ ವರದಿಯೇ ಸೋರಿಕೆಗೆ ಕಾರಣವಾಗುವುದು ವಿಪರ್ಯಾಸವಾದರೂ ಅಸಂಭವವಲ್ಲ.

ಪರದೆಚಿತ್ರದ ನಿಜವಾದ ದೌರ್ಬಲ್ಯ ಬೇರೆಡೆ ಇದೆ. ಬ್ರೌಸರ್‌ನೊಳಗಿನ ಸೌಲಭ್ಯವೊಂದನ್ನು ಬಳಸಿ ಪುಟದ ಮೇಲಿನ ಅಕ್ಷರಗಳನ್ನು ಯಾರು ಬೇಕಾದರೂ ತಮ್ಮ ಪರದೆಯಲ್ಲಿ ಬದಲಿಸಿ ಚಿತ್ರ ತೆಗೆಯಬಹುದು. ಇದಕ್ಕೆ ವಿಶೇಷ ಪರಿಣತಿ ಬೇಡ. ಹಾಗಾಗಿ ಚಿತ್ರ ಒಂದನ್ನೇ ನಂಬದೆ, ಬ್ರೌಸರ್ ಕಳುಹಿಸಿದ ಕೋರಿಕೆ, ಸರ್ವರ್ ನೀಡಿದ ಉತ್ತರ ಮತ್ತು ಸರ್ವರ್‌ನ ಲಾಗ್ ದಾಖಲೆಯನ್ನು ಜೊತೆಗಿರಿಸಿ ತಾಳೆ ನೋಡಬೇಕು. ತಾಳೆ ನೋಡುವಾಗ ಒಂದು ಗೊಂದಲ ಎದುರಾಗುವುದುಂಟು: ಹಲವು ಸರ್ವರ್‌ಗಳು ಭಾರತೀಯ ಕಾಲಮಾನದ ಬದಲು ಅದಕ್ಕಿಂತ ಐದೂವರೆ ಗಂಟೆ ಹಿಂದಿರುವ ಅಂತಾರಾಷ್ಟ್ರೀಯ ಕಾಲಮಾನವನ್ನು ಬರೆದಿಡುತ್ತವೆ. ಬೆಳಿಗ್ಗೆ 10:45ರ ಚಿತ್ರಕ್ಕೆ ಲಾಗ್‌ನಲ್ಲಿ 05:15 ಎಂದಿದ್ದರೆ ಸಾಕ್ಷ್ಯ ಸುಳ್ಳೆಂದು ಭಾವಿಸಬೇಕಾಗಿಲ್ಲ.

ಚಿತ್ರ ತೆಗೆದೊಡನೆ ಅದರ ಹ್ಯಾಶ್ ಮೌಲ್ಯವನ್ನು ದಾಖಲಿಸಿಕೊಳ್ಳುವುದು ಪದ್ಧತಿ. ಎಸ್‌ಎಚ್‌ಎ-256 ವಿಧಾನದಲ್ಲಿ ಅದು 64 ಅಕ್ಷರ-ಅಂಕಿಗಳ ಒಂದು ಸಾಲು. ಕಡತದಲ್ಲಿ ಒಂದು ಚುಕ್ಕೆ ಬದಲಾದರೂ ಸಾಲು ಬೇರೆಯಾಗುತ್ತದೆ. ವಾಟ್ಸ್ಆ್ಯಪ್‌ನಲ್ಲಿ ಫೋಟೋ ರೂಪದಲ್ಲಿ ಕಳುಹಿಸಿದ ಚಿತ್ರ ಕುಗ್ಗುವುದರಿಂದ ಮೂಲದ ಹ್ಯಾಶ್ ಅದಕ್ಕೆ ಹೊಂದುವುದಿಲ್ಲ. ಮೂಲ ಕಡತವನ್ನು ಮುಟ್ಟದೆ ಇರಿಸಿ, ಗುರುತು ಹಾಕುವುದು ಮುಚ್ಚುವುದು ಎಲ್ಲವನ್ನೂ ಪ್ರತಿಯ ಮೇಲೆ ಮಾಡಬೇಕು. 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ಸಾಕ್ಷ್ಯ ಅಧಿನಿಯಮ, 2023ರ ಕಲಂ 63ರ ಪ್ರಮಾಣಪತ್ರದ ನಮೂನೆಯಲ್ಲಿಯೂ ಹ್ಯಾಶ್ ಮೌಲ್ಯವನ್ನು ನಮೂದಿಸಬೇಕಾಗಿದೆ. ಪ್ರಮಾಣಪತ್ರದ ಮೊದಲ ಭಾಗಕ್ಕೆ ದಾಖಲೆ ಹಾಜರುಪಡಿಸುವವರೂ ಎರಡನೆಯ ಭಾಗಕ್ಕೆ ತಜ್ಞರೂ ಸಹಿ ಮಾಡತಕ್ಕದ್ದು.

ಲಿಖಿತ ಅನುಮತಿಯಿಲ್ಲದೆ ಉತ್ಸಾಹದಿಂದ ಯಾರಾದರೂ ಪರೀಕ್ಷೆಗೆ ಇಳಿದರೆ ಮಾಹಿತಿ ತಂತ್ರಜ್ಞಾನ ಕಾಯ್ದೆ, 2000ರ ಕಲಂ 43 ಮತ್ತು 66 ಅನ್ವಯವಾಗಬಹುದು. ಮೂರು ವರ್ಷಗಳವರೆಗೆ ಸೆರೆವಾಸ ಅಥವಾ ಐದು ಲಕ್ಷ ರೂಪಾಯಿವರೆಗೆ ದಂಡ ಅಥವಾ ಎರಡನ್ನೂ ವಿಧಿಸಲು ಅವಕಾಶವಿದೆ. ಪರೀಕ್ಷೆಯ ನಡುವೆ ಹೊರಗಿನವರು ಈಗಾಗಲೇ ಒಳನುಗ್ಗಿರುವ ಕುರುಹು ಸಿಕ್ಕರೆ ವಿಚಾರವೇ ಬೇರೆ. ಸರ್ಟ್-ಇನ್ ಸಂಸ್ಥೆಯ 2022ರ ಏಪ್ರಿಲ್ 28ರ ನಿರ್ದೇಶನವು ಸರ್ಕಾರಿ ಸಂಸ್ಥೆಗಳಿಗೂ ಅನ್ವಯಿಸುತ್ತಿದ್ದು, ತಿಳಿದ 6 ಗಂಟೆಯೊಳಗೆ ವರದಿ ಮಾಡಬೇಕು, ಲಾಗ್‌ಗಳನ್ನು 180 ದಿನ ಕಾಯ್ದಿರಿಸಬೇಕು.

ದೋಷ ಸರಿಪಡಿಸಲಾಗಿದೆ ಎಂಬ ಒಕ್ಕಣೆಯೊಡನೆ ಬಿಲ್ಲು ಬಂದಾಗ, ಮೊದಲ ಚಿತ್ರದಲ್ಲಿದ್ದ ಅದೇ ವಿಳಾಸ, ಅದೇ ಪರೀಕ್ಷಾ ಖಾತೆ, ಹೊಸ ದಿನಾಂಕವಿರುವ ಎರಡನೆಯ ಚಿತ್ರವನ್ನು ಸದಸ್ಯರು ಕೇಳಬೇಕು. ಪ್ರವೇಶ ನಿರಾಕರಿಸಲಾಗಿದೆ ಎಂಬ ಸಂದೇಶ ಅದರಲ್ಲಿರಬೇಕು. ಮುಖಪುಟದ ಸುಂದರ ಚಿತ್ರವೊಂದನ್ನು ಅದರ ಬದಲಿಗೆ ಲಗತ್ತಿಸಿದ್ದರೆ ಬಿಲ್ಲನ್ನು ಹಿಂದಿರುಗಿಸಿ ಮರುಪರೀಕ್ಷೆ ಕೋರುವುದು ಸೂಕ್ತ.