ಆಕರಕೋಶದ ಉಂಡೆಯೂ ಮಂಡಿನೋವಿನ ಮಾರುಕಟ್ಟೆಯೂ

ಭದ್ರಾವತಿಯ ಉಕ್ಕಿನ ಕಾರ್ಖಾನೆಯಲ್ಲಿ ದುಡಿದು ನಿವೃತ್ತನಾದ ನನ್ನ ಭಾವಮೈದುನ ಕಳೆದ ವರ್ಷ ಇಡುಗಂಟಿನಲ್ಲಿ ದೊಡ್ಡ ಮೊತ್ತವೊಂದನ್ನು ತೆಗೆದು, ಎರಡೂ ಮಂಡಿಗಳಿಗೆ ‘ಸ್ಟೆಮ್ ಸೆಲ್’ ಚುಚ್ಚುಮದ್ದು ಹಾಕಿಸಿಕೊಂಡು ಬಂದ. ಯಾರ ದೇಹದ ಕೋಶ, ಎಲ್ಲಿ ಬೆಳೆಸಿದ್ದು, ಎಷ್ಟು ಎಂಬ ವಿವರ ಚಿಕಿತ್ಸಾಲಯದ ರಸೀದಿಯಲ್ಲಿ ಇರಲಿಲ್ಲ. ಎರಡು ತಿಂಗಳು ತಗ್ಗಿದಂತಿದ್ದ ನೋವು ಮರಳಿತು. ಈಗ ಅವನ ಕೈಯಲ್ಲಿ ಇನ್ನೊಂದು ಕರಪತ್ರವಿದೆ. ಈ ಬಾರಿ ‘ತ್ರೀ-ಡಿ’ ವಿಧಾನದಲ್ಲಿ ಬೆಳೆಸಿದ ಕೋಶಗಳಂತೆ. ‘ಭಾವ, ಇದಾದ್ರೂ ನಿಜವಾ?’ ಎಂದು ಕೇಳಿದ.

ವಿಜ್ಞಾನವೇನೋ ನಿಜ. ಆಕರಕೋಶಗಳನ್ನು ಸಾಮಾನ್ಯವಾಗಿ ಪ್ಲಾಸ್ಟಿಕ್ ತಟ್ಟೆಯ ತಳಕ್ಕೆ ಅಂಟಿಸಿ ಒಂದೇ ಪದರವಾಗಿ ಬೆಳೆಸುತ್ತಾರೆ. ದೇಹದೊಳಗೆ ಅವು ಬದುಕುವ ಬಗೆ ಅದಲ್ಲ. ಅಲ್ಲಿ ಸುತ್ತಲೂ ನೆರೆಹೊರೆಯ ಕೋಶಗಳಿರುತ್ತವೆ. ದ್ರಾವಣದ ಹನಿಯೊಂದನ್ನು ಮುಚ್ಚಳದ ಒಳಮೈಗೆ ತೂಗುಬಿಟ್ಟರೆ, ಅಂಟಿಕೊಳ್ಳಲು ನೆಲೆಯಿಲ್ಲದ ಕೋಶಗಳು ಹನಿಯ ತುದಿಗೆ ಇಳಿದು, ಪರಸ್ಪರ ಹಿಡಿದುಕೊಂಡು ಉಂಡೆಯಾಗುತ್ತವೆ. 1907ರಲ್ಲಿ ಅಮೆರಿಕದ ರಾಸ್ ಹ್ಯಾರಿಸನ್ ಕಪ್ಪೆಯ ನರತಂತುವನ್ನು ಬೆಳೆಸಿದ್ದು ಇಂಥದೇ ತೂಗುಹನಿಯಲ್ಲಿ. ಉಂಡೆಯಾದ ಆಕರಕೋಶಗಳು ಉರಿಯೂತ ತಗ್ಗಿಸುವ ಪ್ರೋಟೀನುಗಳನ್ನು ಹೆಚ್ಚಾಗಿ ಸ್ರವಿಸುವುದು ಪ್ರಯೋಗಾಲಯದಲ್ಲಿ ಕಂಡುಬಂದಿದೆ. ತೊಡಕೂ ಉಂಟು. ರಕ್ತನಾಳವಿಲ್ಲದ ಉಂಡೆಯೊಳಗೆ ಆಮ್ಲಜನಕ ಇಳಿಯುವುದು ಮಿಲಿಮೀಟರಿನ ಹತ್ತರಲ್ಲಿ ಒಂದೆರಡು ಪಾಲಿನಷ್ಟು ಆಳಕ್ಕೆ ಮಾತ್ರ. ಉಂಡೆ ದೊಡ್ಡದಾದರೆ ನಡುವಿನ ಕೋಶಗಳು ಸಾಯುತ್ತವೆ. ಚಿಕಿತ್ಸೆಗೆ ಬೇಕಾದುದು ಚಿಕ್ಕದಾದ, ಒಂದೇ ಗಾತ್ರದ, ಲಕ್ಷಾಂತರ ಕೋಶಗಳ ಉಂಡೆಗಳು. ಇದು ತೂಗುಹನಿಗಳಿಂದ ಪೂರೈಸುವ ಕೆಲಸವಲ್ಲ. ದ್ರಾವಣವನ್ನು ಹದವಾಗಿ ಕಲಕುವ ಬಯೋರಿಯಾಕ್ಟರ್ ಬೇಕು.

ಇಲ್ಲಿಂದ ಮುಂದಿನದು ಉತ್ಪಾದನೆಯ ಪ್ರಶ್ನೆ, ಭದ್ರಾವತಿಯವರಿಗೆ ಹೊಸದಲ್ಲದ ಪ್ರಶ್ನೆ. 1923ರಲ್ಲಿ ಆರಂಭವಾದ ನಮ್ಮ ಕಬ್ಬಿಣದ ಕಾರ್ಖಾನೆ ಮುಂದೆ ವಿಶೇಷ ಉಕ್ಕಿಗೆ ಹೆಸರಾಯಿತು. ಕುಲುಮೆಯ ಒಂದೊಂದು ‘ಹೀಟ್’ನಿಂದಲೂ ಮಾದರಿ ತೆಗೆದು ಪರೀಕ್ಷಿಸದೆ ಅಂಥ ಉಕ್ಕನ್ನು ಕೊಳ್ಳುವವರಾರು? ಜೀವಂತ ಕೋಶಕ್ಕೆ ಅದಕ್ಕಿಂತ ಸಡಿಲ ನಿಯಮ ಸಲ್ಲದು.

ಈ ಹಾದಿಯಲ್ಲಿ ಕ್ರಮವಾಗಿ ನಡೆದವರೂ ಇದ್ದಾರೆ. ಬೆಂಗಳೂರಿನ ಸ್ಟೆಂಪ್ಯೂಟಿಕ್ಸ್ ಸಂಸ್ಥೆಯ ಆಕರಕೋಶ ಔಷಧಕ್ಕೆ 2016ರಲ್ಲಿ ಔಷಧ ಮಹಾನಿಯಂತ್ರಕರು ಸೀಮಿತ ಅನುಮತಿ ನೀಡಿದರು. ಅದು ಬರ್ಗರ್ ಕಾಯಿಲೆಗೆ, ಅಂದರೆ ಬೀಡಿ-ಸಿಗರೇಟು ಸೇದುವವರ ಕೈಕಾಲಿನ ರಕ್ತನಾಳ ಮುಚ್ಚಿಸುವ ರೋಗಕ್ಕೆ. ಮಂಡಿಯ ಕೀಲುಸವೆತಕ್ಕೂ 2022ರಲ್ಲಿ ಅನುಮತಿ ದೊರೆಯಿತು. ಆದರೆ ಇವು ಉಂಡೆ ಕಟ್ಟಿದ ಕೋಶಗಳಲ್ಲ. ಉಂಡೆಯ ರೂಪದಲ್ಲಿಯೇ ಮಂಡಿಗೆ ಹಾಕುವ ‘ಸ್ಫೆರಾಕ್ಸ್’ ಎಂಬ ಚಿಕಿತ್ಸೆಗೆ 2017ರಲ್ಲಿ ಯುರೋಪಿನ ಒಕ್ಕೂಟ ಒಪ್ಪಿಗೆ ಕೊಟ್ಟಿತು. ಅದರಲ್ಲಿರುವುದು ಆಕರಕೋಶವಲ್ಲ, ರೋಗಿಯದೇ ಮೃದ್ವಸ್ಥಿಯ ಕೋಶ. ಉದ್ದೇಶ ಮೃದ್ವಸ್ಥಿಯ ನಿರ್ದಿಷ್ಟ ಗಾಯವನ್ನು ತುಂಬುವುದು, ಇಡೀ ಮಂಡಿಯ ಸವೆತವನ್ನು ವಾಸಿ ಮಾಡುವುದಲ್ಲ. 2018ರಲ್ಲಿ ಇಂಗ್ಲೆಂಡಿನ ಆರೋಗ್ಯ ಮೌಲ್ಯಮಾಪನ ಸಂಸ್ಥೆ ಪರಿಶೀಲಿಸಿದಾಗ ಅದರ ದರ 10,000 ಪೌಂಡ್. ಕರಪತ್ರದವರು ಈ ಎರಡನ್ನೂ ಬೆರೆಸಿ ಮೂರನೆಯದೊಂದನ್ನು ಮಾರುತ್ತಿದ್ದಾರೆ.

ವೈದ್ಯಕೀಯ ಸೇವೆಯಲ್ಲಿ ಮಾರುವವನಿಗೆ ತಿಳಿದಿರುವುದು ಕೊಳ್ಳುವವನಿಗೆ ತಿಳಿದಿರದು ಎಂದು ಅರ್ಥಶಾಸ್ತ್ರಜ್ಞ ಕೆನೆತ್ ಆರೋ 1963ರಲ್ಲಿಯೇ ವಿವರಿಸಿದ್ದರು. ಆ ಅಂತರ ತುಂಬಲೆಂದೇ ನಿಯಮಗಳಿವೆ. ರಕ್ತಸಂಬಂಧಿ ರೋಗಗಳ ಅಸ್ಥಿಮಜ್ಜೆ ಕಸಿಯಂಥ ಸ್ಥಾಪಿತ ಬಳಕೆಯ ಹೊರತು ಆಕರಕೋಶ ಚಿಕಿತ್ಸೆಯನ್ನು ಪ್ರಯೋಗವೆಂದೇ ಪರಿಗಣಿಸಬೇಕು ಎಂದಿತು 2017ರ ರಾಷ್ಟ್ರೀಯ ಮಾರ್ಗಸೂಚಿ. 2019ರ ನಿಯಮಗಳು ಆಕರಕೋಶದ ಉತ್ಪನ್ನವನ್ನು ಹೊಸ ಔಷಧವೆಂದು ಕರೆದವು. ಪ್ರಯೋಗದ ಔಷಧಕ್ಕೆ ರೋಗಿಯಿಂದ ಹಣ ಪಡೆಯುವಂತಿಲ್ಲ. ರಾಜ್ಯದಲ್ಲಿ ಖಾಸಗಿ ವೈದ್ಯಕೀಯ ಸಂಸ್ಥೆಗಳ 2007ರ ಅಧಿನಿಯಮವಿದೆ. ನೋಂದಣಿ ಪ್ರಾಧಿಕಾರ ಜಿಲ್ಲೆಯಲ್ಲಿಯೇ ಇದೆ. ಕಡತಗಳ ನಡುವೆ ಆಯುಷ್ಯ ಕಳೆದವನಾಗಿ ಹೇಳುತ್ತೇನೆ, ಹೊಸ ಕಾನೂನು ಬೇಕಿಲ್ಲ. ಕೋಶಚಿಕಿತ್ಸೆಯ ಪ್ರತಿ ರಸೀದಿಯ ಮೇಲೆ ಔಷಧದ ಪರವಾನಗಿ ಸಂಖ್ಯೆ ಮತ್ತು ಬ್ಯಾಚ್ ಸಂಖ್ಯೆ, ಪ್ರಯೋಗವಾದರೆ ಅದರ ನೋಂದಣಿ ಸಂಖ್ಯೆ ನಮೂದಿಸಬೇಕೆಂಬ ಒಂದು ಸುತ್ತೋಲೆ, ಅದನ್ನು ತಪಾಸಣೆ ಮಾಡುವ ಒಬ್ಬ ಅಧಿಕಾರಿ ಸಾಕು.

ಆ ಸಂಖ್ಯೆಗಳನ್ನು ಕೇಳಿ ನೋಡೆಂದು ಭಾವಮೈದುನನಿಗೆ ಹೇಳಿದೆ. ನನ್ನೆದುರೇ ದೂರವಾಣಿ ಮಾಡಿದ. ‘ಮುಂಗಡ ಕಟ್ಟಿ ಬನ್ನಿ ಸರ್, ಇಲ್ಲಿ ಎಲ್ಲ ತೋರಿಸುತ್ತೇವೆ’ ಎಂಬ ಉತ್ತರ ಬಂತು. ಅವನಿನ್ನೂ ಹೋಗಿಲ್ಲ, ಕರಪತ್ರವನ್ನೂ ಎಸೆದಿಲ್ಲ.